ಅಪ್ಪ ಖೂನ ಹಿಡಿದ ಸೀರೆ

ಕಳೆದ ತಿಂಗಳು ಖಾನಾಪುರದ ಕಾಲೇಜಿನಿಂದ ಲಗಮವ್ವ ಫೋನ್ ಮಾಡಿದ್ದಳು. ಒಂದು ಕಾಲಕ್ಕೆ ಅಲ್ಲಿ ನನ್ನ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನ ಗ್ರಂಥಪಾಲಕಿ. ಹಳೆಯ ಪುಸ್ತಕಗಳನ್ನು ಕಪಾಟಿನಿಂದ ತೆಗೆಯುತ್ತಿದ್ದಾರಂತೆ. ನನ್ನ ಪಿಎಚ್.ಡಿ. ಪ್ರಬಂಧವೂ ಆ ರಾಶಿಗೆ ಸೇರಿತ್ತು, ರದ್ದಿಗೆ ಹಾಕಲು ಮನಸ್ಸಾಗಲಿಲ್ಲ, ತೆಗೆದಿಟ್ಟಿದ್ದೇನೆ ಎಂದಳು. ಆಮೇಲೆ ನಗು ತಡೆದುಕೊಂಡು, "ಮೇಡಮ್, ನೂರಾ ನಲವತ್ಮೂರನೇ ಪುಟದಾಗ ಎರಡ ಕೊಲಿ ಹಂಗ ಉಳದಾವ ನೋಡ್ರಿ," ಎಂದಳು.

ಬಸ್ಸು ಹತ್ತಿ ಹೋಗಿ ತಂದೆ. ಮನೆಗೆ ಬಂದು ತೆರೆದಾಗ ಮೊದಲು ಎದ್ದು ಬಂದದ್ದು ವಾಸನೆ. ಕಪ್ಪು ರೆಕ್ಸಿನ್, ಬೈಂಡಿಂಗಿನ ಅಂಟು, ಖಾನಾಪುರದ ಎಷ್ಟೋ ಮಳೆಗಾಲಗಳ ತೇವ, ಎಲ್ಲ ಸೇರಿದ ಒಂದು ಹುಳಿ ವಾಸನೆ. ಪುಟ ನೂರಾ ನಲವತ್ಮೂರರಲ್ಲಿ ಹೀಗೆ ಅಚ್ಚಾಗಿತ್ತು: 'ನೇಕಾರನು ಸೀರೆಯ ಕೊಲೆ ಹಿಡಿಯಲಿಲ್ಲ, ಸೀರೆ ಉಟ್ಟವಳ ಕೊಲೆ ಹಿಡಿದನು.'

ತತ್ವಶಾಸ್ತ್ರದ ಪ್ರಬಂಧದೊಳಗೆ ಕೊಲೆ ಹೊಕ್ಕದ್ದು ೨೦೦೦ನೇ ಇಸವಿಯ ಮಳೆಗಾಲದಲ್ಲಿ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷದ ಡೈರಿ ಪಕ್ಕಕ್ಕೇ ಇದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ; ನಂಬದಿರುವುದನ್ನು ಕಲಿತದ್ದೂ ಆ ಮಳೆಗಾಲದಲ್ಲೇ.

ಆಗ ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ. ಅಪ್ಪ, ಅವ್ವ, ತಮ್ಮನ ಸಂಸಾರ ಮತ್ತು ಮದುವೆಯಾಗದ ನಾನು. ಓಣಿಯ ತುಂಬ ಪವರ್‌ಲೂಮುಗಳ ಖಟಖಟ. ನಮ್ಮ ಮನೆಯಲ್ಲೂ ತಮ್ಮ ಎರಡು ಪವರ್‌ಲೂಮು ನಡೆಸುತ್ತಿದ್ದ. ಆದರೆ ಮುಂದಿನ ಪಡಸಾಲೆಯಲ್ಲಿ ಅಪ್ಪನದೊಂದು ಕೈಮಗ್ಗ ಉಳಿದಿತ್ತು. ಎಪ್ಪತ್ತು ದಾಟಿದ್ದರೂ ಮುಂಜಾನೆ ಎದ್ದು ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅದರ ಮುಂದೆ ಕೂಡುತ್ತಿದ್ದರು. ವಾರಕ್ಕೆ ಅರ್ಧ ಸೀರೆ ಆದರೆ ಹೆಚ್ಚು. ತಮ್ಮ ಚೇಷ್ಟೆ ಮಾಡಿದರೆ, "ನಿನ್ನ ಮಗ್ಗಕ್ಕ ಕರೆಂಟ್ ಬೇಕು, ನನ್ನ ಮಗ್ಗಕ್ಕ ನಾ ಬೇಕು," ಎನ್ನುತ್ತಿದ್ದರು.

ನಾನು ದಿನಾ ಖಾನಾಪುರಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿಯ ಪದವಿ ಕಾಲೇಜಿನಲ್ಲಿ ತತ್ವಶಾಸ್ತ್ರಕ್ಕೆ ನಾನೊಬ್ಬಳೇ. ಆ ವರ್ಷ ಅಂತಿಮ ತರಗತಿಯಲ್ಲಿ ಏಳು ಜನ. ಅವರಲ್ಲಿ ಇಬ್ಬರು ಬೇರೆ ವಿಷಯ ಸಿಗದೆ ಬಂದವರು. ಅರ್ಧ ತರಗತಿ ಮನೆಯಲ್ಲಿ ಮರಾಠಿ ಆಡುವವರದು. ನಾನು ಕನ್ನಡದಲ್ಲಿ ಹೇಳಿದ ತರ್ಕವನ್ನು ಅವರು ತಮ್ಮತಮ್ಮಲ್ಲಿ ಮರಾಠಿಯಲ್ಲಿ ಚರ್ಚಿಸಿ, ಮತ್ತೆ ಕನ್ನಡದಲ್ಲಿ ನನ್ನನ್ನೇ ಪ್ರಶ್ನೆ ಕೇಳುತ್ತಿದ್ದರು. ಮಳೆ ಜೋರಾದರೆ ತಗಡಿನ ಸೂರಿನ ಸದ್ದಿಗೆ ನನ್ನ ದನಿ ಕೇಳುತ್ತಿರಲಿಲ್ಲ. ಆಗ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ನಾನು ಮಾಡಿದ ಅತ್ಯಂತ ಒಳ್ಳೆಯ ಪಾಠಗಳು ಆ ಮೂಕ ಪಾಠಗಳೇ ಎಂದು ಈಗ ಅನಿಸುತ್ತದೆ. ಡೈರಿಯಲ್ಲಿ ಮಾತ್ರ 'ಇಂದೂ ಪಾಠ ಕೆಟ್ಟಿತು' ಎಂದಿದೆ.

ಪ್ರಬಂಧದ ನೋಂದಣಿ ಆಗಿ ಆರು ವರ್ಷವಾಗಿತ್ತು. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಆಗಸ್ಟ್ ಕೊನೆಯ ದಿನದೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು, ಆರು ವರ್ಷದ ಕೆಲಸ ನೀರಿಗೆ. ವಿಷಯ ನೆನಪು. ನಮ್ಮ ಹಳೆಯ ತಾರ್ಕಿಕರಲ್ಲಿ ಬಹಳ ಮಂದಿ ನೆನಪನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಅದು ಹಿಂದೆ ತಿಳಿದದ್ದನ್ನೇ ಮತ್ತೆ ತರುತ್ತದೆ, ಹೊಸತನ್ನು ತಿಳಿಸುವುದಿಲ್ಲ ಎಂಬ ಕಾರಣಕ್ಕೆ. ಆದರೆ 'ಅಂದು ಕಂಡದ್ದೇ ಇದು' ಎಂದು ಗುರುತಿಸುವುದನ್ನು, ಅಂದರೆ ಪ್ರತ್ಯಭಿಜ್ಞೆಯನ್ನು, ಅವರೇ ನಿಜವಾದ ತಿಳಿವು ಎನ್ನುತ್ತಾರೆ. ಗುರುತಿಸುವುದರೊಳಗೆ ನೆನಪು ಸೇರಿದೆಯಲ್ಲ, ಹಾಗಾದರೆ ನೆನಪನ್ನು ಪೂರ್ತಿ ಹೊರಗೆ ಹಾಕುವುದು ಹೇಗೆ? ಇದು ನನ್ನ ವಾದ. ನಾಲ್ಕನೆಯ ಅಧ್ಯಾಯ ಪೂರ್ತಿ ಈ ಮಾತಿನ ಮೇಲೆ ನಿಂತಿತ್ತು. ಆ ಅಧ್ಯಾಯ ನಿಂತದ್ದು ಅಪ್ಪನ ಮೇಲೆ.

ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮ ಓಣಿಯಲ್ಲೊಂದು ಮದುವೆ. ಚಪ್ಪರದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಅಪ್ಪನಿಗೆ ದೂರದ ತಂಗಿಯಾಗಬೇಕಾದ ಗಂಗವ್ವ ಎಂಬವಳು ಹೆಂಗಸರ ಪಂಕ್ತಿಯ ತುದಿಯಲ್ಲಿದ್ದಾಳೆ. ಅಪ್ಪ ಊಟ ನಿಲ್ಲಿಸಿ ಅವಳತ್ತ ನೋಡುತ್ತಾರೆ. ಮುಖ ಬೆಳಗುತ್ತದೆ. "ಇದು ನನ್ನ ಮಗ್ಗದ ಸೀರಿ. ಹನ್ನೆರಡ ವರ್ಷ ಆತು, ನೋಡ್ರಿ, ಬಣ್ಣ ಬಿಟ್ಟಿಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. ಹೆಂಗಸರೆಲ್ಲ ಆ ಸೀರೆ ನೋಡುತ್ತಾರೆ. ಸಾವಿರ ಸೀರೆಗಳ ನಡುವೆ ಒಬ್ಬ ನೇಕಾರ ತನ್ನದೊಂದನ್ನು ಹನ್ನೆರಡು ವರ್ಷದ ಮೇಲೆ ಗುರುತಿಸಿದ್ದ. ನನ್ನ ಮಾರ್ಗದರ್ಶಕರು ಈ ಭಾಗ ಓದಿ, ನಿಮ್ಮ ತಂದೆಯೇ ನಿಮ್ಮ ಪ್ರಬಂಧದ ನಡುಗಂಬ ಎಂದಿದ್ದರು. ಹೆಮ್ಮೆಯಿಂದ ನಾನು ಅದನ್ನು ತರಗತಿಯಲ್ಲೂ ಹೇಳುತ್ತಿದ್ದೆ.

ಆ ಜುಲೈಯಲ್ಲಿ ಹಾಗೆ ಹೇಳುತ್ತಿದ್ದಾಗ ಲಗಮವ್ವ ಎದ್ದು ನಿಂತಳು. ಅವರ ಮನೆಯವರು ಕುರಿ ಕಾಯುವವರು. ಅವಳು ತನ್ನ ಊರಿನಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ.

"ಮೇಡಮ್, ನಿಮ್ಮಪ್ಪಾರು ಸೀರಿಗೆ ಖೂನ ಏನ್ ಇಟ್ಟಿದ್ರು?"

ಖೂನ ಅಂದರೆ ಗುರುತು. ನಮ್ಮ ಕಡೆ ಯಾರನ್ನಾದರೂ ಗುರುತಿಸುವುದಕ್ಕೆ ಖೂನ ಹಿಡಿಯುವುದು ಎನ್ನುತ್ತೇವೆ. ಖೂನದ ಅಗತ್ಯವಿಲ್ಲ, ನೇಯ್ದವನಿಗೆ ತಾನೇ ತಿಳಿಯುತ್ತದೆ ಎಂದು ನಾನು ಹೇಳಿದೆ. ಅವಳು ಕೂಡಲಿಲ್ಲ.

"ಹಂಗ ಹೆಂಗ್ರೀ? ನಮ್ಮಪ್ಪ ತನ್ನ ಕುರಿಗೆ ಎಡಗಿವಿ ತುದಿ ಕತ್ತರಿಸಿರತಾನ. ನಮ್ಮ ಕುರಿ ಬ್ಯಾರೆಯವರ ಹಿಂಡಿನಾಗ ಸೇರಿದ್ರ, ಇದು ನಂದು ಅಂತ ಬರೇ ಬಾಯಿಲೆ ಅಂದ್ರ ಯಾರ ಬಿಡತಾರ? ಖೂನ ತೋರಸಬೇಕು. ನಿಮ್ಮಪ್ಪಾರು ನಂದು ಅಂದಕೂಡ್ಲೆ ಎಲ್ಲಾರೂ ಹೂಂ ಅಂದಬಿಟ್ರೇನು?"

ಹಿಂದಿನ ಬೆಂಚಿನವನೊಬ್ಬ, ಸೀರೆಗೆ ಕಿವಿ ಎಲ್ಲಿಂದ ತರಬೇಕು ಎಂದು ಮರಾಠಿಯಲ್ಲಿ ಗೊಣಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸರಿಯಾಗಿತ್ತು. ಬಸ್ಸಿನಲ್ಲಿ ಅದು ನನ್ನ ಜೊತೆಗೇ ಕೂತು ಬೆಳಗಾವಿಗೆ ಬಂತು. ಖೂನ ಏನಿತ್ತೆಂದು ಅಪ್ಪನನ್ನು ಕೇಳಿ ಒಂದು ಅಡಿಟಿಪ್ಪಣಿ ಹಾಕಿದರೆ ಅಧ್ಯಾಯ ಇನ್ನೂ ಗಟ್ಟಿಯಾಗುತ್ತದೆ ಎಂದುಕೊಂಡೆ.

ಸಂಜೆ ಅಪ್ಪ ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದರು. ಚಹಾ ಕೊಟ್ಟು ಕೇಳಿದೆ. ಗಂಗವ್ವತ್ತಿಯ ಆ ನೇರಳೆ ಸೀರೆಯಲ್ಲಿ ಖೂನ ಏನಿತ್ತು?

"ನೇರಳಿ ಅಲ್ಲ, ಹಸರ," ಎಂದರು ಅಪ್ಪ. ಕೈ ನಿಂತಿತು. ನಾನು ಯಾಕೆ ಕೇಳುತ್ತಿದ್ದೇನೆಂದು ವಿಚಾರಿಸಿದರು. ಅದನ್ನು ಪ್ರಬಂಧದಲ್ಲಿ ಬರೆದಿರುವ ಸಂಗತಿ ನಾನು ಅವರಿಗೆ ಹೇಳಿರಲಿಲ್ಲ; ಪುಸ್ತಕ ಕೈಗೆ ಬಂದ ಮೇಲೆ ತೋರಿಸಬೇಕೆಂದಿದ್ದೆ. ಆಗ ಹೇಳಿದೆ. ಅಪ್ಪ ಚಹಾ ಪೂರ್ತಿ ಕುಡಿದರು, ಬಟ್ಟಲು ಕೆಳಗಿಟ್ಟರು.

"ಖೂನ ಇರಲಿಲ್ಲ ಯವ್ವಾ. ಅದು ನನ್ನ ಸೀರೀನ ಅಲ್ಲ. ಗಿರಣಿ ಸೀರಿ."

ನೇಕಾರರ ಮದುವೆಗೆ ಗಿರಣಿ ಸೀರೆ ಉಟ್ಟು ಬರುವುದೆಂದರೆ ಏನೆಂಬುದನ್ನು ನಮ್ಮ ಓಣಿಯವರಿಗೆ ವಿವರಿಸಬೇಕಾಗಿಲ್ಲ. ಗಂಗವ್ವನ ಗಂಡ ಮಗ್ಗ ಬಿಟ್ಟು ಖಾನಾಪುರದ ಹಂಚಿನ ಕಾರ್ಖಾನೆಗೆ ಸೇರಿದ್ದ. ಮಗ್ಗ ಬಿಟ್ಟವರು ಎಂದು ಬಳಗ ಮೊದಲೇ ಹಂಗಿಸುತ್ತಿತ್ತು. ಅಂದು ಪಂಕ್ತಿಯಲ್ಲಿ ಹೆಂಗಸರು ಸೀರೆ ನೋಡಿ, ಇದು ಯಾವ ಓಣಿಯ ಮಗ್ಗದ್ದವ್ವಾ ಎಂದು ಕಿಸಿಕಿಸಿ ನಗುತ್ತಿದ್ದರಂತೆ. ಅವಳು ಬಡಿಸಿದ್ದನ್ನು ಮುಟ್ಟದೆ ತಲೆ ತಗ್ಗಿಸಿ ಕೂತಿದ್ದಳಂತೆ. ನಗು ನನಗೆ ನೆನಪಿಲ್ಲ, ತಗ್ಗಿಸಿದ ತಲೆಯೂ ಇಲ್ಲ. ಅಪ್ಪನ ಬೆಳಗಿದ ಮುಖ ಒಂದೇ ನೆನಪಿತ್ತು.

"ಮಗ್ಗದ ಮ್ಯಾಲೆ ಸುಳ್ಳ ಹೇಳಿದ್ದು ಅದೊಂದ ಸಲ," ಎಂದರು ಅಪ್ಪ. "ಆಕಿ ನಂಬ್ಯಾಳ. ತಾನ ಮರತಿರಬೇಕು, ಖರೇನ ಅಣ್ಣನ ಮಗ್ಗದ್ದ ಇದು ಅಂತ ತಿಳಕೊಂಡಾಳ. ಆಕಿ ಇನ್ನೂ ಅದಾಳ. ನಿನ್ನ ಬುಕ್ಕಿನಾಗ ಅದು ಗಿರಣಿದು ಅಂತ ಹಾಕಬ್ಯಾಡ."

ನಂತರದ ದಿನಗಳ ಡೈರಿಯಲ್ಲಿ ಮಳೆಯ ಸುದ್ದಿ ಬಿಟ್ಟರೆ ಏನೂ ಇಲ್ಲ. ಮಲಪ್ರಭೆ ತುಂಬಿ ಹರಿದದ್ದು, ಒಂದು ದಿನ ಬಸ್ಸು ಅರ್ಧದಿಂದ ತಿರುಗಿ ಬಂದದ್ದು. ತಲೆಯಲ್ಲಿ ಇದ್ದದ್ದು ಒಂದೇ. ಉದಾಹರಣೆ ಹಾಗೇ ಬಿಟ್ಟರೆ, ನೆನಪು ನಂಬಿಕೆಗೆ ಅರ್ಹ ಎಂದು ಸುಳ್ಳು ನೆನಪೊಂದರಿಂದ ಸಾಧಿಸಿದ ಹಾಗೆ. ನಿಜ ಬರೆದರೆ ಪ್ರಬಂಧಕ್ಕೆ ಒಳ್ಳೆಯದೇ, ವಾದ ಹೊಸ ದಿಕ್ಕಿಗೆ ತಿರುಗುತ್ತದೆ. ಆದರೆ ಗಂಗವ್ವತ್ತಿಯ ಮೈಮೇಲಿಂದ ಅಪ್ಪ ಹೊದಿಸಿದ್ದನ್ನು ನಾನು ಎಳೆದ ಹಾಗಾಗುತ್ತದೆ. ಪೂರ್ತಿ ತೆಗೆದರೆ ಅಧ್ಯಾಯ ಕುಸಿಯುತ್ತದೆ, ಕಟ್ಟಲು ಒಂದು ತಿಂಗಳೂ ಇಲ್ಲ. ಪಿಎಚ್.ಡಿ. ಪ್ರಬಂಧವನ್ನು ಯಾರು ಓದುತ್ತಾರೆ ಎಂದು ಈಗ ಕೇಳಬಹುದು. ಆಗ ನನಗೆ ಲೋಕವೆಲ್ಲ ಓದುತ್ತದೆ ಎಂದೇ ಅನಿಸಿತ್ತು. ಗಂಗವ್ವತ್ತಿಯ ಮಗಳ ಗಂಡ ಹೈಸ್ಕೂಲ್ ಮಾಸ್ತರ ಬೇರೆ.

ಆಗಸ್ಟ್ ಮೊದಲ ವಾರ ಒಂದು ಮಧ್ಯಾಹ್ನ, ತರಗತಿ ಮುಗಿಸಿ ಗಂಗವ್ವತ್ತಿಯ ಮನೆಗೆ ಹೋದೆ. ಖಾನಾಪುರ ಸ್ಟೇಷನ್ನಿನ ಆಚೆ, ಅವಳ ಗಂಡ ದುಡಿದ ಕಾರ್ಖಾನೆಯದೇ ಹಂಚು ಹೊದಿಸಿದ ಪುಟ್ಟ ಮನೆ. ಗಂಡ ತೀರಿಕೊಂಡಿದ್ದ, ಮಗಳು ಅಳಿಯ ಜೊತೆಗಿದ್ದರು. ಅಂದು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅತ್ತಿ ನೆಲದ ಮೇಲೆ ಹಳೆಯ ಸೀರೆ ತುಂಡುಗಳ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಟವೆಲ್ ಕೊಟ್ಟು ತಲೆ ಒರೆಸಿಕೊಳ್ಳಲು ಹೇಳಿದಳು, ಚುರಮರಿ ಕಲಸಿ ಕೊಟ್ಟಳು, ಚಹಾ ಇಟ್ಟಳು. ನಾನು ಅದೂ ಇದೂ ಮಾತಾಡಿ, ಸುತ್ತಿ ಬಳಸಿ, ಆ ಮದುವೆಯಲ್ಲಿ ನೀನು ಉಟ್ಟಿದ್ದ ಸೀರೆಯ ಬಣ್ಣ ಯಾವುದಿತ್ತು, ಅಪ್ಪ ಹಸಿರು ಅನ್ನುತ್ತಾರೆ, ನನಗೆ ನೇರಳೆ ಅಂತ ನೆನಪು ಎಂದೆ.

"ಸೀರಿ ಬಣ್ಣ ಕೇಳಾಕ ಇಂಥಾ ಮಳ್ಯಾಗ ಬಂದೀಯೇನ?" ಎಂದು ಅತ್ತಿ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಕೆಂಪ ಇತ್ತು. ಇಲ್ಲೇ ಐತಿ ನೋಡು." ಕೌದಿಯ ಒಂದು ಮೂಲೆ ಮಡಚಿ ತೋರಿಸಿದಳು. ಒಳಪದರದಲ್ಲಿ ಅಂಗೈ ಅಗಲದ ತುಂಡು. ಅದು ಕೆಂಪೂ ಅಲ್ಲ, ಹಸಿರೂ ಅಲ್ಲ, ನೇರಳೆಯೂ ಅಲ್ಲ. ಒಗೆದೊಗೆದು ಬೂದಿಯ ಬಣ್ಣಕ್ಕೆ ಬಂದಿತ್ತು.

ನಾನು ಬೆರಳಿನಿಂದ ಅದನ್ನು ಮುಟ್ಟಿದೆ. ನೇಕಾರನ ಮಗಳಿಗೆ ಅಷ್ಟು ಸಾಕಿತ್ತು. ನನ್ನ ಬೆರಳು ನಿಂತದ್ದನ್ನು ಅತ್ತಿ ನೋಡಿದಳು, ನಕ್ಕಳು.

"ಹೌದು, ಗಿರಣೀದ. ನಿಪ್ಪಾಣಿ ಸಂತ್ಯಾಗ ನಾನ ತಗೊಂಡಿದ್ದೆ. ನನ್ನ ಸೀರಿ ನನಗ ಗೊತ್ತಿಲ್ಲೇನ? ಆ ಚಪ್ಪರದಾಗ ಇದ್ದವರೆಲ್ಲಾ ಮಗ್ಗದವರು, ಅವರಿಗೆಲ್ಲಾ ಗೊತ್ತಿತ್ತು. ನಿಮ್ಮಪ್ಪನಂಥಾ ಕೈಯಾಂವ ನಂದು ಅಂದಮ್ಯಾಲೆ ಅಲ್ಲ ಅನ್ನಾಕ ಯಾರಿಗೆ ಬಾಯಿ ಬರತೈತಿ? ಎಲ್ಲಾರೂ ಬಂದು ಸೆರಗ ಹಿಡದ ನೋಡಿ, ಹೌದ್ರೀ, ನಿಮ್ಮದ, ಅಂದ್ರು. ಗೊತ್ತಿರಲಾರದಾಕಿ ನೀ ಒಬ್ಬಾಕೀನ."

ನೀನು ನಂಬಿದ್ದೀ ಅಂತ ಅಪ್ಪ ತಿಳಿದುಕೊಂಡಿದ್ದಾರೆ ಎಂದೆ.

"ತಿಳಕೊಳ್ಳಲಿ ಬಿಡು. ಸುಳ್ಳ ಹೇಳಿದವಗ ಒಬ್ಬರರ ನಂಬಬೇಕಲ್ಲ." ಅತ್ತಿ ಕೌದಿಯ ಮೂಲೆ ಮೊದಲಿನಂತೆ ಮಡಚಿದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ನನಗಲ್ಲ ಎಂಬಂತೆ, "ಸೀರಿ ಖೂನ ಅಂವಗ ಸಿಗಲಿಲ್ಲ. ನನ್ನ ಖೂನ ಸಿಕ್ತು," ಎಂದಳು.

ಈ ಮಾತನ್ನು ಅದೇ ಸಂಜೆ ಬಸ್ಸಿನಲ್ಲಿ ಡೈರಿಗೆ ಬರೆದುಕೊಂಡೆ. ಹಾಗಾಗಿ ಇದೊಂದು ಮಾತ್ರ ನನ್ನ ಕಲ್ಪನೆಯಲ್ಲ.

ಮನೆಗೆ ಬಂದು ಅಪ್ಪನಿಗೆ, ಗಂಗವ್ವತ್ತಿ ಆರಾಮ ಇದ್ದಾಳೆ, ಕೌದಿ ಹೊಲಿಯುತ್ತಿದ್ದಳು ಎಂದಷ್ಟೇ ಹೇಳಿದೆ. ಮರುದಿನದಿಂದ ನಾಲ್ಕನೆಯ ಅಧ್ಯಾಯ ಬಿಚ್ಚಿದೆ. ಮದುವೆ, ಚಪ್ಪರ, ಅಪ್ಪ, ಗಂಗವ್ವ ಎಲ್ಲ ಹೊರಗೆ ಬಂದರು. ಅವರ ಜಾಗಕ್ಕೆ ಲಗಮವ್ವನ ಕುರಿಗಳು ಹೊಕ್ಕವು. ಅವಳ ತಂದೆಯನ್ನು ಕಾಣಲು ಅವಳೊಂದಿಗೇ ಎರಡು ಸಲ ಅವರ ಊರಿಗೆ ಹೋದೆ. ಅವರು ಕಂಬಳಿ ಹೊದ್ದು ಮಳೆಯಲ್ಲೇ ನಿಂತು, ಒಂದು ಕುರಿಯ ಕಿವಿ ನನ್ನ ಕೈಗೆ ಕೊಟ್ಟು, ಖೂನಗಳಲ್ಲಿ ಎಷ್ಟು ಬಗೆ, ಎರಡು ಮನೆಯ ಖೂನ ಒಂದೇ ಆದರೆ ಪಂಚರು ಹೇಗೆ ಬಗೆಹರಿಸುತ್ತಾರೆ ಎಂದು ವಿವರಿಸಿದರು. ಕೊನೆಗೆ, ಇದಕ್ಕೂ ಡಿಗ್ರಿ ಕೊಡುತ್ತಾರೇನು ಎಂದು ಮಗಳನ್ನು ಕೇಳಿದರು. ಆರು ವರ್ಷದಲ್ಲಿ ನಾನು ಸಂತೋಷದಿಂದ ಸಂಶೋಧನೆ ಮಾಡಿದ್ದು ಆ ಮೂರು ವಾರ. ವಾದವೂ ಬದಲಾಯಿತು. ನೆನಪು ತನ್ನಷ್ಟಕ್ಕೆ ಸಾಕ್ಷಿಯಲ್ಲ, ಇನ್ನೊಬ್ಬರಿಗೆ ತೋರಿಸಬಲ್ಲ ಖೂನ ಅದಕ್ಕೆ ಬೇಕು ಎಂಬಲ್ಲಿಗೆ ಬಂದು ನಿಂತೆ. ಕೊನೆಯಲ್ಲಿ, ತಡೆಯಲಾರದೆ, ಹೆಸರು ಊರು ಇಲ್ಲದ ಒಬ್ಬ ನೇಕಾರನ ಬಗ್ಗೆ ಒಂದು ಪ್ಯಾರಾ ಸೇರಿಸಿದೆ. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ, 'ಇದು ತರ್ಕವಲ್ಲ. ಇರಲಿ,' ಎಂದು ಬರೆದರು.

ಬೆಳಗಾವಿಯ ಡಿಟಿಪಿ ಅಂಗಡಿಯ ಮಾರುತಿ ಇಡೀ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಹೊಡೆದು, ಐದು ಪ್ರತಿ ತೆಗೆದು, ತಾನೇ ಬೈಂಡ್ ಮಾಡಿಸಿ ಇಟ್ಟಿದ್ದ. ಸಮಯವಿಲ್ಲದ ಕಾರಣ ನಾಲ್ಕನೆಯ ಅಧ್ಯಾಯದ ಕರಡು ನಾನು ನೋಡಿರಲಿಲ್ಲ. ಸಲ್ಲಿಸುವ ಹಿಂದಿನ ದಿನ ಬೆಳಿಗ್ಗೆ ತಂದು ಮನೆಯಲ್ಲಿ ತೆರೆದರೆ, 'ಕುರಿಗಾಹಿಗಳು ಕಿವಿಯಲ್ಲಿರುವ ಕೊಲೆಯನ್ನು ನೋಡಿ...' ಎಂದಿತ್ತು. ಪುಟ ತಿರುಗಿಸಿದಷ್ಟೂ ಕೊಲೆ. ಓಡಿ ಅಂಗಡಿಗೆ ಹೋದೆ. ಮಾರುತಿಯ ಮನೆಮಾತು ಮರಾಠಿ. ಮರಾಠಿಯಲ್ಲಿ ಗುರುತಿಗೆ ಖೂಣ, ಕೊಲೆಗೆ ಖೂನ. ಒಂದೇ ಅಕ್ಷರದ ಫರಕು.

"ನಾ ಹಿಂಡಲಗಾದಾಂವ ರೀ ಮೇಡಮ್," ಎಂದ ಅವನು. "ಜೇಲಿನ ಬಾಜೂನ ಮನಿ. ನಮ್ಮಲ್ಲಿ ಖೂನ ಅಂದ್ರ ಒಂದ ಅರ್ಥ. ಡಾಕ್ಟರೇಟ್ ಬುಕ್ ಐತಿ, ಆಡಮಾತ ಬ್ಯಾಡ, ಶುದ್ಧ ಕನ್ನಡ ಇರಲಿ ಅಂತ ಕಂಪ್ಯೂಟರಿಗೆ ಹೇಳಿ ಎಲ್ಲಾ ಒಮ್ಮೆಲೆ ಕೊಲೆ ಮಾಡಿಸಿದೆ."

ಸಿಟ್ಟು ಬರಬೇಕಾಗಿತ್ತು, ನಗು ಬಂತು. ಮತ್ತೆ ತೆಗೆಸೋಣವೆಂದರೆ ಅಂದು ಬೆಳಗಿನಿಂದ ಕರೆಂಟಿಲ್ಲ. ಮಳೆಗೆ ಎಲ್ಲೋ ಕಂಬ ಬಿದ್ದಿತ್ತು. ಕೈಯಿಂದ ತಿದ್ದುವುದೊಂದೇ ದಾರಿ. ಓಣಿಯ ಪವರ್‌ಲೂಮುಗಳೆಲ್ಲ ಸುಮ್ಮನಿದ್ದವು, ಅಪ್ಪನ ಮಗ್ಗದ ಸದ್ದು ಮಾತ್ರ ಓಣಿಯ ತಿರುವಿನಲ್ಲೇ ಕೇಳುತ್ತಿತ್ತು. ಸಂಗತಿ ಕೇಳಿ ಅಪ್ಪ ಮಗ್ಗದಿಂದ ಎದ್ದು, ಕೈ ತೊಳೆದುಕೊಂಡು, ಕನ್ನಡಕ ಒರೆಸಿಕೊಂಡು ಬಂದರು. ಏಳನೆಯ ತರಗತಿಯವರೆಗೆ ಓದಿದವರು, ದಿನಾ ಪೇಪರ್ ಬಿಡದವರು. ಕಿಟಕಿಯ ಬೆಳಕಿಗೆ ಇಬ್ಬರೂ ಕೂತೆವು. ಮೂರು ಪ್ರತಿ ನನಗೆ, ಎರಡು ಅವರಿಗೆ; ಅವರ ಪಾಲಿನ ಒಂದು ಖಾನಾಪುರದ ಕಾಲೇಜಿನ ಗ್ರಂಥಾಲಯಕ್ಕೆ ಎಂದು ಹೇಳಿದ್ದೆ. ಕೊಲೆಯನ್ನು ಹೊಡೆದು ಮೇಲೆ ಖೂನ ಎಂದು ಬರೆಯುವುದು. ನಾಲ್ಕನೆಯ ಅಧ್ಯಾಯವನ್ನು ಅಪ್ಪ ನಿಧಾನವಾಗಿ, ತುಟಿ ಅಲ್ಲಾಡಿಸುತ್ತ, ಒಂದೊಂದು ಸಾಲೂ ಓದಿ ತಿದ್ದಿದರು. ನಾನು ಮೂರು ಮುಗಿಸುವ ಹೊತ್ತಿಗೆ ಅವರದು ಎರಡಾಯಿತು. "ಕುರಿ ವಿಷಯ ಚೊಲೋ ಬರದೀ," ಎಂದು ಎದ್ದು ಮಗ್ಗಕ್ಕೆ ಹೋದರು.

ಮರುದಿನ ಪ್ರಬಂಧ ಸಲ್ಲಿಸಿದೆ. ಮುಂದಿನ ವರ್ಷ ಮೌಖಿಕ ಪರೀಕ್ಷೆಯಾಯಿತು, ಪದವಿ ಬಂತು. ಮೌಖಿಕದಲ್ಲಿ ದಕ್ಷಿಣದಿಂದ ಬಂದ ಪರೀಕ್ಷಕರು ಕುರಿಗಳ ಬಗ್ಗೆ ಅರ್ಧ ಗಂಟೆ ಕೇಳಿದರು, ನೇಕಾರನ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ ನಿವೃತ್ತಿಯವರೆಗೆ ಖಾನಾಪುರದಲ್ಲೇ ಪಾಠ ಮಾಡಿದೆ, ನಾಲ್ಕಾರು ಲೇಖನ ಬರೆದೆ. ಇನ್ನೊಂದು ದೊಡ್ಡ ಕೆಲಸ ಮಾಡಲಿಲ್ಲ, ಮಾಡಬೇಕಿತ್ತು ಎಂಬ ಕೊರಗೂ ಇಲ್ಲ. ಅಪ್ಪ ಹೋದರು, ಗಂಗವ್ವತ್ತಿ ಹೋದಳು. ಗಂಗವ್ವ ಎಂಬುದು ಅವಳ ನಿಜವಾದ ಹೆಸರೂ ಅಲ್ಲ. ಹಾಗಾಗಿ ಈಗ ಇಷ್ಟು ಬರೆದೆ.

ಲಗಮವ್ವ ಕೊಟ್ಟ ಪ್ರತಿಯಲ್ಲಿ ತಿದ್ದಲು ಪೆನ್ನು ತೆಗೆದುಕೊಂಡೆ. ಅದಕ್ಕೆ ಮೊದಲು, ನನ್ನ ಅಭ್ಯಾಸ, ಕಪಾಟಿನಲ್ಲಿದ್ದ ನನ್ನ ಸ್ವಂತ ಪ್ರತಿ ತೆಗೆದು ನೋಡಿದೆ. ಪುಟ ನೂರಾ ನಲವತ್ಮೂರರಲ್ಲಿ ಎರಡೂ ಕೊಲೆ ಹೊಡೆದು ನನ್ನ ಅವಸರದ ಅಕ್ಷರದಲ್ಲಿ ಖೂನ ಎಂದಿದೆ. ಲಗಮವ್ವನ ಪ್ರತಿಯ ತಿದ್ದುಪಡಿಗಳು ಬೇರೆಯ ಕೈಯವು: ದುಂಡಗೆ, ಬಿಡಿಸಿ, ಒಂದೇ ಎತ್ತರಕ್ಕೆ ಬರೆದ ಅಕ್ಷರಗಳು. ಅಪ್ಪನ ಪ್ರತಿ ಅದು. ಹಿಂದಿನ ಪುಟಗಳನ್ನೂ ಮುಂದಿನವನ್ನೂ ತಿರುವಿದೆ. ನಾಲ್ಕನೆಯ ಅಧ್ಯಾಯದ ಉದ್ದಕ್ಕೂ ಬೇರೆ ಒಂದೂ ಕೊಲೆ ಉಳಿದಿಲ್ಲ. ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಿದ್ದವೂ ಖೂನ ಆಗಿವೆ. ಉಳಿದದ್ದು ಆ ಒಂದು ವಾಕ್ಯ.

ಕಣ್ಣು ದಣಿದಿತ್ತೆ? ಇರಬಹುದು, ಎಪ್ಪತ್ತು ದಾಟಿತ್ತು. ಆದರೆ ಹರಿದ ಎಳೆ ಬಿಟ್ಟು ಅಪ್ಪ ಮುಂದೆ ನೇಯ್ದದ್ದನ್ನು ನಾನು ಕಂಡಿಲ್ಲ. ಹಾಗೆಂದು ನೆನಪು; ಸಾಕ್ಷಿ ಇಲ್ಲ. ಖಾನಾಪುರದ ಕಪಾಟಿಗೆ ಹೋಗುವ ಪ್ರತಿಯಲ್ಲಿ, ಹೈಸ್ಕೂಲ್ ಮಾಸ್ತರ ಅಳಿಯ ಇರುವ ಊರಿನಲ್ಲಿ, ಯಾರು ಓದಿದರೂ ಅರ್ಥವಾಗದ ಹಾಗೆ ಆ ವಾಕ್ಯ ಇಷ್ಟು ವರ್ಷ ಕೂತಿತ್ತು.

ಪೆನ್ನಿಗೆ ಟೋಪಿ ಹಾಕಿದೆ. ಪ್ರಬಂಧವನ್ನು ನನ್ನ ಪ್ರತಿಯ ಪಕ್ಕದಲ್ಲಿಟ್ಟು ಲಗಮವ್ವನಿಗೆ ಫೋನ್ ಮಾಡಿ, ನೋಡಿದೆ, ಎರಡೂ ಕೊಲೆ ಅಲ್ಲೇ ಇರಲಿ ಎಂದೆ.

"ಯಾಕ್ರೀ ಮೇಡಮ್?" ಎಂದಳು.

"ಅದ ಅಪ್ಪನ ಖೂನ," ಎಂದೆ.